ಪಿಂಕ್ ಫ್ಲಾಯ್ಡ್: ಸಂಬಳಕ್ಕೆ ನಿಂತ ಪಾಲುದಾರ, ಮುಗಿಯದ ಜಗಳ

2023ರ ಫೆಬ್ರುವರಿಯಲ್ಲಿ, ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಪತ್ನಿ, ಲೇಖಕಿ ಪಾಲಿ ಸ್ಯಾಮ್ಸನ್ ಅವರು ಅದೇ ಬ್ಯಾಂಡಿನ ಹಳೆಯ ಸದಸ್ಯ ರೋಜರ್ ವಾಟರ್ಸ್ ಅವರನ್ನು ಯೆಹೂದ್ಯ ದ್ವೇಷಿ, ಪುಟಿನ್ ಪರ ಎಂದು ಸಾಮಾಜಿಕ ಜಾಲತಾಣದಲ್ಲಿ ಕಟುವಾಗಿ ಖಂಡಿಸಿದರು. ಅದರ ಒಂದೊಂದು ಪದವೂ ಸಾಬೀತು ಮಾಡಬಹುದಾದ ಸತ್ಯ ಎಂದು ಗಿಲ್ಮೋರ್ ದನಿಗೂಡಿಸಿದರು. ವಾಟರ್ಸ್ ಎಲ್ಲವನ್ನೂ ಅಲ್ಲಗಳೆದರು. ಆಗ ಗಿಲ್ಮೋರ್‌ಗೆ 76, ವಾಟರ್ಸ್‌ಗೆ 79.

ಅಂದಿನಿಂದ ಕೆಜಿಎಫ್‌ನ ರಾಕ್ ಕೇಳುಗರಲ್ಲೂ ಎರಡು ಪಕ್ಷಗಳಾಗಿವೆ. ಇಲ್ಲಿಗೆ ಪಾಶ್ಚಾತ್ಯ ಸಂಗೀತ ನಿನ್ನೆ ಮೊನ್ನೆ ಬಂದದ್ದಲ್ಲ. ಗಣಿ ನಡೆಸುತ್ತಿದ್ದ ಬ್ರಿಟಿಷರ ಕ್ಲಬ್ಬು, ಆಂಗ್ಲೋ ಇಂಡಿಯನ್ ಮನೆಗಳ ಗಿಟಾರುಗಳ ಕಾಲದಿಂದ ಊರ್ಗಾಂ, ಚಾಂಪಿಯನ್ ರೀಫ್ಸ್ ಕಡೆಯ ಕಿವಿಗಳು ಅದಕ್ಕೆ ಪಳಗಿವೆ. 2002ರಲ್ಲಿ ವಾಟರ್ಸ್ ಬೆಂಗಳೂರಿನಲ್ಲಿ ಹಾಡಿದ್ದನ್ನು ಕೇಳಿ ಬಂದವರು ಅವರನ್ನು ಬಿಟ್ಟುಕೊಡುವುದಿಲ್ಲ. ಗಿಲ್ಮೋರ್ ಗಿಟಾರಿಗೆ ಮನಸೋತವರು ಅಷ್ಟೇ ಹಟ ಹಿಡಿಯುತ್ತಾರೆ. ವಾದದ ನಡುವೆ ಉಕ್ರೇನ್ ಬರುತ್ತದೆ, ಇಸ್ರೇಲ್ ಬರುತ್ತದೆ, ಪುಟಿನ್ ಬರುತ್ತಾರೆ. ಬಿರುಕು ಮಾತ್ರ ಈ ಯುದ್ಧಗಳಿಗಿಂತ ಎಷ್ಟೋ ಹಳೆಯದು.

1965ರಲ್ಲಿ ಲಂಡನ್ನಿನಲ್ಲಿ ಸಿಡ್ ಬ್ಯಾರೆಟ್, ವಾಟರ್ಸ್, ಕೀಬೋರ್ಡಿನ ರಿಚರ್ಡ್ ರೈಟ್, ಡ್ರಮ್ಸ್‌ನ ನಿಕ್ ಮೇಸನ್ ಸೇರಿ ಪಿಂಕ್ ಫ್ಲಾಯ್ಡ್ ಕಟ್ಟಿದರು. ಬ್ಯಾರೆಟ್ ಮನಸ್ಸಿನ ಹಿಡಿತ ತಪ್ಪಿ 1968ರಲ್ಲಿ ದೂರವಾದರು, ಗಿಲ್ಮೋರ್ ಬಂದರು, 1973ರ ಆಲ್ಬಂ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ 1988ರವರೆಗೆ ಒಟ್ಟು 741 ವಾರ ನಿಂತಿತು. ದುಡ್ಡು ಬಂತು. ದುಡ್ಡಿನ ಜೊತೆಗೆ, ಯಾರು ಏನು ಬರೆದರು ಎಂಬ ಲೆಕ್ಕವೂ ಬಂತು.

ಈ ಲೆಕ್ಕ ತಿಳಿಯದೆ ಜಗಳ ತಿಳಿಯುವುದಿಲ್ಲ. ಆಲ್ಬಂನಲ್ಲಿ ರಚನೆಕಾರರೆಂದು ಹೆಸರು ಬಿದ್ದವರಿಗೆ ಪ್ರತ್ಯೇಕ ರಾಯಧನವಿದೆ, ಅದು ಹಾಡಿನ ಉದ್ದಕ್ಕಲ್ಲ, ಹಾಡುಗಳ ಸಂಖ್ಯೆಗೆ ಸಿಗುವುದು. 1977ರ ಆಲ್ಬಂನಲ್ಲಿ ಗಿಲ್ಮೋರ್ ಸಹ ರಚನೆಕಾರರಾಗಿದ್ದ 17 ನಿಮಿಷದ ಹಾಡು ಒಂದೇ ಎಂದು ಎಣಿಕೆಯಾಯಿತು. ವಾಟರ್ಸ್ ಬರೆದ, ಒಂದೂವರೆ ನಿಮಿಷವೂ ಇಲ್ಲದ ಹಾಡಿನ ಎರಡು ತುಣುಕುಗಳು ಎರಡೆಂದು ಎಣಿಕೆಯಾದವು. ರೈಟ್ ಅವರ ಹೆಸರು ರಚನೆಯಲ್ಲಿ ಎಲ್ಲೂ ಇರಲಿಲ್ಲ. ಹಾಗೆ ಆದದ್ದು ಅದೇ ಮೊದಲು. ಅದಕ್ಕೆ ಎರಡು ವರ್ಷ ಮುಂಚಿನ, 1975ರ ಆಲ್ಬಂ ಹಾಕಿ ಕೇಳಿ. ಬ್ಯಾರೆಟ್ ಅವರನ್ನು ನೆನೆಯುವ ಮೊದಲ ಹಾಡಿನಲ್ಲಿ ಮಾತು ಶುರುವಾಗಲು ಎಂಟು ನಿಮಿಷಕ್ಕೂ ಹೆಚ್ಚು ಕಾಯಬೇಕು. ಅಷ್ಟು ಹೊತ್ತೂ ರೈಟ್ ಹಾಸಿದ ಸ್ವರಗಳ ಮೇಲೆ ಗಿಲ್ಮೋರ್ ಗಿಟಾರ್ ನಡೆಯುತ್ತದೆ, ಆಮೇಲೆ ವಾಟರ್ಸ್ ಬರೆದ ಸಾಲುಗಳು ಬರುತ್ತವೆ. ಅಲ್ಲಿ ಮೂವರ ಹೆಸರೂ ಇದೆ. ಸರಿಯಾಗಿಯೇ ಇದೆ.

ಎಲ್ಲವೂ ಕೈತಪ್ಪಿದ್ದು 1978ರಿಂದ 1981ರ ನಡುವೆ. ಬ್ಯಾಂಡಿನ ಹಣವನ್ನು ಹೂಡಿಕೆ ಮಾಡುತ್ತಿದ್ದ ಸಂಸ್ಥೆ ಮುಳುಗಿ ಭಾರಿ ನಷ್ಟವಾಯಿತು. ಬ್ರಿಟನ್ನಿನಲ್ಲಿ ಆಗ ಗಳಿಕೆಯ ಮೇಲಿನ ಗರಿಷ್ಠ ತೆರಿಗೆ ಶೇ 83. ತೆರಿಗೆ ತಪ್ಪಿಸಿಕೊಳ್ಳಲು ನಾಲ್ವರೂ ದೇಶ ಬಿಟ್ಟು ಫ್ರಾನ್ಸಿನಲ್ಲಿ ಧ್ವನಿಮುದ್ರಣಕ್ಕೆ ಕೂತರು. ಗೋಡೆಯ ಕಥೆ ಹೇಳುವ ಹೊಸ ಆಲ್ಬಂನ ಕಲ್ಪನೆ, ಸಾಹಿತ್ಯ ಬಹುಪಾಲು ವಾಟರ್ಸ್ ಅವರದು. ವರ್ಷದೊಳಗೆ ಮುಗಿಸಿಕೊಟ್ಟರೆ ಹೆಚ್ಚಿನ ಪಾಲು ಕೊಡುವುದಾಗಿ ಕಂಪನಿ ಹೇಳಿತು. ಅದಕ್ಕಾಗಿ ರಜೆ ಮೊಟಕುಗೊಳಿಸಿ ಬರಬೇಕೆಂದು ರೈಟ್‌ಗೆ ಕರೆ ಹೋಯಿತು. ಅವರ ಸಂಸಾರ ಆಗ ಒಡೆಯುತ್ತಿತ್ತು, ಮಕ್ಕಳೊಂದಿಗೆ ಸಿಕ್ಕ ಆ ಕೆಲವು ದಿನಗಳನ್ನು ಬಿಟ್ಟು ಬರಲು ಅವರು ಒಪ್ಪಲಿಲ್ಲ. ಕೊನೆಗೆ ಆಲ್ಬಂ ಉಳಿಯಬೇಕಾದರೆ ರೈಟ್ ಹೋಗಬೇಕು ಎಂಬಲ್ಲಿಗೆ ವಾಟರ್ಸ್ ಮಾತು ಬಂದು ನಿಂತಿತು. ಗಿಲ್ಮೋರ್, ಮೇಸನ್ ಎಷ್ಟು ತಡೆದರು, ಎಷ್ಟು ಸುಮ್ಮನಿದ್ದರು ಎಂಬುದು ಹೇಳುವವರ ಮೇಲೆ ಬದಲಾಗುತ್ತದೆ. ತಾವೇ ಕಟ್ಟಿದ ಬ್ಯಾಂಡಿನ ಕಛೇರಿಗಳಿಗೆ ರೈಟ್ ಸಂಬಳದ ವಾದಕರಾಗಿ ಬಂದರು. ವೇದಿಕೆಯ ಮೇಲೆ ದಿನವೂ ಗೋಡೆ ಕಟ್ಟಿ ಕೆಡವುವ ವೆಚ್ಚಕ್ಕೆ ಆ ಪ್ರದರ್ಶನಗಳು ನಷ್ಟದಲ್ಲಿ ಮುಗಿದವು. ಮೂವರು ಪಾಲುದಾರರು ಕೈಯಿಂದ ತೆತ್ತರು, ರೈಟ್ ಒಬ್ಬರೇ ದುಡ್ಡು ಎಣಿಸಿಕೊಂಡು ಹೋದರು. ಇದನ್ನು ಈಗ ಎಲ್ಲರೂ ತಮಾಷೆಯ ಪ್ರಸಂಗವೆಂಬಂತೆ ಹೇಳುತ್ತಾರೆ. ಗಣಿಯ ಊರಿನವರಿಗೆ ಸಂಬಳಕ್ಕೂ ಪಾಲಿಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಿಲ್ಲ. ನನಗೆ ಅದರಲ್ಲಿ ನಗುವಂಥದ್ದು ಏನೂ ಕಾಣುವುದಿಲ್ಲ.

ಮುಂದಿನದು ಬೇಗ ಹೇಳಬಹುದು. 1985ರಲ್ಲಿ ವಾಟರ್ಸ್ ಹೊರಬಂದರು. ತಾವಿಲ್ಲದ ಮೇಲೆ ಹೆಸರೂ ಇರಬಾರದೆಂದು ಮರುವರ್ಷ ಹೈಕೋರ್ಟಿಗೆ ಹೋದರು. 1987ರ ಡಿಸೆಂಬರ್‌ನಲ್ಲಿ ಗಿಲ್ಮೋರ್ ಅವರ ದೋಣಿಮನೆಯಲ್ಲಿ ರಾಜಿಯಾಯಿತು. ಹೆಸರು ಗಿಲ್ಮೋರ್ ಮತ್ತು ಮೇಸನ್‌ಗೆ, ಗೋಡೆಯ ಆಲ್ಬಂನ ಹಕ್ಕು ವಾಟರ್ಸ್‌ಗೆ. ಆ ವೇಳೆಗೆ ರೈಟ್ ಮರಳಿದ್ದರು, ಆಗಲೂ ಸಂಬಳದ ಮೇಲೆಯೇ. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ, ಬಡ ದೇಶಗಳ ಪರವಾದ ಲೈವ್ 8 ಕಾರ್ಯಕ್ರಮಕ್ಕೆ ನಾಲ್ವರೂ ಒಟ್ಟಿಗೆ ನಿಂತು ನುಡಿಸಿದರು. 2008ರ ಸೆಪ್ಟೆಂಬರ್‌ನಲ್ಲಿ ರೈಟ್ ಕ್ಯಾನ್ಸರಿನಿಂದ ತೀರಿಕೊಂಡರು. 2011ರಲ್ಲಿ ವಾಟರ್ಸ್ ಅವರ ಲಂಡನ್ ಸಂಗೀತ ಕಛೇರಿಯಲ್ಲಿ ಗಿಲ್ಮೋರ್ ಗೋಡೆಯ ಮೇಲೆ ನಿಂತು ಗಿಟಾರ್ ನುಡಿಸಿದಾಗ ಮುನಿಸು ಕರಗಿತೆಂದು ನಾವೆಲ್ಲ ನಂಬಿದೆವು.

ಕರಗಿರಲಿಲ್ಲ. 1977ರ ಆ ಆಲ್ಬಂ ಹೊಸ ಮಿಶ್ರಣದಲ್ಲಿ ಬರಬೇಕಿದ್ದಾಗ, ಅದರ ಜೊತೆ ಅಚ್ಚಾಗುವ ಟಿಪ್ಪಣಿಗೆ ಗಿಲ್ಮೋರ್ ಒಪ್ಪುತ್ತಿಲ್ಲವೆಂದು ವಾಟರ್ಸ್ ಬಹಿರಂಗವಾಗಿ ದೂರಿದರು. ಹಾಡುಗಳ ಹುಟ್ಟಿನ ಶ್ರೇಯ ಯಾರದು ಎಂಬುದೇ ಮತ್ತೆ ವಿಷಯ. ಟಿಪ್ಪಣಿ ಬಿಟ್ಟು, 2022ರಲ್ಲಿ ಆಲ್ಬಂ ಬಂತು. ಅದೇ ವರ್ಷ ಗಿಲ್ಮೋರ್, ಮೇಸನ್ ಉಕ್ರೇನ್ ಪರವಾಗಿ ಬ್ಯಾಂಡಿನ ಹೆಸರಲ್ಲೇ ಹಾಡು ತಂದರು. ಉಕ್ರೇನ್ ಬಗ್ಗೆ ವಾಟರ್ಸ್ ನಿಲುವು ಬೇರೆಯೇ ಆಗಿತ್ತು. ಹಳೆಯ ಗಾಯಕ್ಕೆ ರಾಜಕೀಯ ಸೇರಿಕೊಂಡದ್ದು ಹೀಗೆ.

1973ರ ಆಲ್ಬಂನ ಇನ್ನೊಂದು ಪ್ರಕರಣವನ್ನು ಇಲ್ಲಿ ಹೇಳಲೇಬೇಕು. ರೈಟ್ ರಚಿಸಿದ ಒಂದು ಹಾಡಿಗೆ ಪದಗಳಿಲ್ಲದ ಆಲಾಪ ಹಾಡಿದವರು ಕ್ಲೇರ್ ಟೋರಿ. ಅವರಿಗೆ ಆಗ ಸಿಕ್ಕ ಸಂಭಾವನೆ 30 ಪೌಂಡ್. 2004ರಲ್ಲಿ ಅವರು ದಾವೆ ಹೂಡಿದರು, ಮರುವರ್ಷ ರಾಜಿಯಾಯಿತು, ಅಂದಿನಿಂದ ರಚನೆಯಲ್ಲಿ ರೈಟ್ ಜೊತೆಗೆ ಅವರ ಹೆಸರೂ ಇದೆ. ಮೂವತ್ತೆರಡು ವರ್ಷ ತಡವಾಗಿಯಾದರೂ ಪದವಿಲ್ಲದ ದನಿಯನ್ನು ರಚನೆಯೆಂದು ಬ್ಯಾಂಡ್ ಒಪ್ಪಿತು. ಆ ಒಪ್ಪಿಗೆ 1979ರಲ್ಲೇ ಇದ್ದಿದ್ದರೆ ರೈಟ್ ಪಾಲುದಾರರಾಗಿಯೇ ಉಳಿಯುತ್ತಿದ್ದರು ಎಂಬುದು ನನ್ನ ನಂಬಿಕೆ.

2024ರ ಅಕ್ಟೋಬರ್‌ನಲ್ಲಿ ಧ್ವನಿಮುದ್ರಣಗಳ ಹಕ್ಕು, ಹೆಸರು ಬಳಸುವ ಹಕ್ಕು ಸುಮಾರು 40 ಕೋಟಿ ಡಾಲರಿಗೆ ಸೋನಿ ಕಂಪನಿಗೆ ಮಾರಾಟವಾದ ಸುದ್ದಿ ಬಂತು. ಹಣಕ್ಕಿಂತ ಹೆಚ್ಚಾಗಿ, ಪ್ರತಿಯೊಂದು ತೀರ್ಮಾನಕ್ಕೂ ನಡೆಯುತ್ತಿದ್ದ ಜಗಳದಿಂದ ಬಿಡುಗಡೆ ಬೇಕಿತ್ತು ಎಂದರು ಗಿಲ್ಮೋರ್. ವಾಟರ್ಸ್ ಜೊತೆ ಮತ್ತೆ ವೇದಿಕೆ ಏರುವಿರಾ ಎಂದು ಕೇಳಿದಾಗ ಖಂಡಿತ ಇಲ್ಲ ಎಂದರು. ಮಾರಾಟದಲ್ಲಿ ಸೇರದೆ ಹೊರಗುಳಿದದ್ದು ಗೀತರಚನೆಯ ಹಕ್ಕು. ಅದು ಈಗಲೂ ಯಾರ ಹೆಸರಿನಲ್ಲಿ ಬರೆಯಲಾಗಿದೆಯೋ ಅವರ ಕಡೆಗೇ ಹೋಗುತ್ತದೆ.