ಗೌಪ್ಯತೆ ಅಂಗಡಿಯದು, ಖಾಸಗಿತನ ಗಿರಾಕಿಯದು

ಚಿಕ್ಕಮಗಳೂರಿನಲ್ಲಿ ಕೈತೋಟದ ಸಾಮಾನು ಮಾರುವ ಅಂಗಡಿಯೊಂದರ ಗಲ್ಲಾದ ಹಿಂದೆ ಹೊಸ ಫಲಕ ಬಂದಿದೆ: ‘ಗ್ರಾಹಕರ ಗೌಪ್ಯತೆ ನಮ್ಮ ಆದ್ಯತೆ. ಬಿಲ್ಲಿಗೆ ಮೊಬೈಲ್ ಸಂಖ್ಯೆ ಕಡ್ಡಾಯ.’ ಎರಡು ಕಿಲೋ ಬೇವಿನ ಹಿಂಡಿಗೆಂದು ನಿಂತಿದ್ದ ನಾನು ಅದನ್ನು ಮತ್ತೆ ಮತ್ತೆ ಓದಿದೆ. ಖಾಸಗಿತನ ಎನ್ನಬೇಕಾದಲ್ಲೂ ಗೌಪ್ಯತೆ ಎಂದೇ ಬರೆಯುವುದನ್ನು ಮೊಬೈಲ್ ಆಪ್‌ಗಳಲ್ಲಿ, ಆಸ್ಪತ್ರೆಯ ನಮೂನೆಗಳಲ್ಲಿ ನೋಡಿಯೂ ಸುಮ್ಮನಿದ್ದೆ. ಗೊಬ್ಬರದ ಅಂಗಡಿಗೂ ಅದೇ ಗೊಂದಲ ಬಂದ ಮೇಲೆ ಬರೆಯದೆ ಇರಲಾಗಲಿಲ್ಲ.

ಗೌಪ್ಯತೆಯ ಬೇರು ಸಂಸ್ಕೃತದ ‘ಗುಪ್’ ಧಾತು. ಬಚ್ಚಿಡುವುದು ಅದಕ್ಕೆ ಆಮೇಲೆ ಬಂದ ಅರ್ಥ, ಮೊದಲಿನದು ಕಾಯುವುದು. ಇನ್ನೂ ಹಿಂದಕ್ಕೆ ಹೋದರೆ, ಈ ಧಾತುವೇ ‘ಗೋಪ’ ಎಂಬ ಹೆಸರಿನಿಂದ ಹುಟ್ಟಿಕೊಂಡಿತೆಂದು ಭಾಷಾವಿದ್ವಾಂಸರು ಹೇಳುತ್ತಾರೆ. ಗೋ ಎಂದರೆ ಹಸು, ಅದನ್ನು ಕಾಯುವವನು ಗೋಪ. ಅವನು ಮಾಡುವ ಕೆಲಸ ಕಾಪಾಡುವುದೆಂದಾಯಿತು, ಕಾಪಾಡಿದ್ದು ಗುಪ್ತವಾಯಿತು, ಕಾಪಾಡಬೇಕಾದದ್ದು ಗೋಪ್ಯವಾಯಿತು. (ಗೋಪ್ಯವೇ ಸಾಕಿತ್ತು. ಅದನ್ನು ಗೌಪ್ಯ ಮಾಡಿ ಮೇಲೊಂದು ‘ತೆ’ ಹೇರಿದ್ದು ಅನಗತ್ಯ ಭಾರ. ರೂಢಿಯಾಗಿರುವುದರಿಂದ ಅದಕ್ಕಾಗಿ ಜಗಳವಾಡುವುದಿಲ್ಲ.) ನನಗೆ ಮುಖ್ಯವಾದದ್ದು ಬೇರೆ: ದನಗಾಹಿ ಮೇಯಿಸುವ ದನ ಅವನ ಸ್ವಂತದ್ದಲ್ಲ. ಸಂಜೆ ಅದನ್ನು ಯಾರದೋ ಕೊಟ್ಟಿಗೆಗೆ ಕ್ಷೇಮವಾಗಿ ಮುಟ್ಟಿಸುವ ಹೊಣೆ ಮಾತ್ರ ಅವನದು. ಗೌಪ್ಯತೆ ಆ ಹೊಣೆಯ ಹೆಸರು. ಸಚಿವರು ರಾಜ್ಯಪಾಲರ ಎದುರು ‘ಅಧಿಕಾರ ಮತ್ತು ಗೋಪ್ಯತೆ’ಯ ಪ್ರಮಾಣ ಸ್ವೀಕರಿಸುವುದನ್ನು ನೋಡಿದ್ದೇವಲ್ಲ, ಪ್ರಜೆಗಳಿಂದ ಯಾರೂ ಅಂಥ ಪ್ರಮಾಣ ಕೇಳುವುದಿಲ್ಲ.

ಗಿರಾಕಿಗೆ ಇರುವುದು ಖಾಸಗಿತನ. ಅರಬ್ಬಿಯ ‘ಖಾಸ್’ ಪಾರಸಿಯನ್ನು ಹಾದು ನಮ್ಮಲ್ಲಿಗೆ ಬಂತು. ವಿಶೇಷವಾಗಿ ಒಬ್ಬರಿಗೇ ಸೇರಿದ್ದು ಎಂದರ್ಥ. ಯಾರಿಗೆ ಎಷ್ಟು ಹೇಳಬೇಕೆಂಬ ತೀರ್ಮಾನ ನನ್ನದೇ ಆಗಿರುವುದು ಖಾಸಗಿತನ. ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಮೂಲಭೂತ ಹಕ್ಕೆಂದು ಸಾರಿದ್ದು ಇದನ್ನೇ. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

‘ವ್ಯಾಧಿ ರಟ್ಟು, ಸಂಸಾರ ಗುಟ್ಟು’ ಎಂಬ ಗಾದೆ ಗೊಬ್ಬರದ ಅಂಗಡಿಗೆ ಚೆನ್ನಾಗಿ ಒಪ್ಪುತ್ತದೆ. ಕಪ್ಪಾದ ಮೆಣಸಿನ ಎಲೆಯನ್ನು ಗಲ್ಲಾದ ಮೇಲಿಟ್ಟು ನಾಲ್ಕು ಜನರ ಎದುರೇ ಔಷಧಿ ಕೇಳುತ್ತೇವೆ, ಕೇಳಲೇಬೇಕು. ಆದರೆ ಎಷ್ಟು ಕಿಲೋ ಮೈಲುತುತ್ತ ಒಯ್ದೆವೆಂಬುದು ಬೇರೆ ಮಾತು. ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣದ 100 ಲೀಟರಿಗೆ 1 ಕಿಲೋ ಮೈಲುತುತ್ತ ಎಂಬ ಲೆಕ್ಕ ತಿಳಿಯದವರು ಈ ಜಿಲ್ಲೆಯಲ್ಲಿ ಕಡಿಮೆ. ತೋಟದ ಅಳತೆ ಅಲ್ಲಿಂದಲೇ ಹೊರಬೀಳುತ್ತದೆ. ಕಳೆದ ವರ್ಷದ ಸಾಲದ ಬಾಕಿಯಂತೂ ಸಂಸಾರದ ಗುಟ್ಟೇ. ಅದನ್ನು ಮಾಲೀಕರು ಮುಂದಿನ ಗಿರಾಕಿಗೆ ಕೇಳುವಂತೆ ಓದಿದರೆ ಗೌಪ್ಯತೆ ಮುರಿದಂತೆ. ಸಂಖ್ಯೆ ಹೇಳದಿದ್ದರೆ ಹಿಂಡಿ ಕೊಡುವುದಿಲ್ಲವೆಂದರೆ ಖಾಸಗಿತನಕ್ಕೆ ಕೈಹಾಕಿದಂತೆ. ಮೊದಲನೆಯದು ಕೊಟ್ಟದ್ದನ್ನು ಕಾಯದ ತಪ್ಪು, ಎರಡನೆಯದು ಕೊಡಲೊಲ್ಲದ್ದನ್ನು ಕಸಿಯುವ ತಪ್ಪು. ಎರಡಕ್ಕೂ ಒಂದೇ ಪದ ಹಚ್ಚಿದರೆ ಎರಡನೆಯದರ ಬಗ್ಗೆ ದೂರುವುದಕ್ಕೆ ನಮಗೆ ಮಾತೇ ಉಳಿಯುವುದಿಲ್ಲ.

ಸಬ್ಸಿಡಿ ಯೂರಿಯಾಕ್ಕೆ ಅಂಗಡಿಯ ಮಾರಾಟ ಯಂತ್ರದಲ್ಲಿ ಕೊಳ್ಳುವವರ ಗುರುತು ದಾಖಲಾಗಬೇಕು, ಅದು ಸರ್ಕಾರದ ವ್ಯವಸ್ಥೆ. ಆ ನೆಪವನ್ನು ಹೂಕುಂಡಕ್ಕೂ ಎಳೆದು ತರಬಾರದು. ಬಿಲ್ಲಿಗಾಗಿ ಮೊಬೈಲ್ ಸಂಖ್ಯೆ ಕೊಡಲೇಬೇಕೆಂದು ಒತ್ತಾಯಿಸಬೇಡಿರೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ಸೂಚಿಸಿದೆ.

‘ಎಲ್ಲ ಕಡೆಯೂ ಹೀಗೇ ಬರೆದಿದ್ದಾರಲ್ಲ ಸಾರ್, ಹೇಗೆ ಬರೆಸಲಿ ಹೇಳಿ’ ಎಂದರು ಮಾಲೀಕರು. ಬಿಲ್ಲಿನ ಹಿಂಬದಿಯಲ್ಲಿ ಬರೆದು ಕೊಟ್ಟೆ: ‘ಮೊಬೈಲ್ ಸಂಖ್ಯೆ ಕೊಡುವುದು ಬಿಡುವುದು ನಿಮ್ಮ ಇಷ್ಟ. ಕೊಟ್ಟರೆ ಗೌಪ್ಯವಾಗಿಡುತ್ತೇವೆ.’