ತೆಳುಗಾಳಿಯೊಳಗಿನ ಓಟ, ಊಟ ಮತ್ತು ಹವಾಮಾನ

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಸಾರಿಗೆ, ಹವಾಮಾನ, ಆಹಾರ, ಪ್ರಚಲಿತ ವಿದ್ಯಮಾನ ಇವುಗಳಿಗೆ ಪ್ರತ್ಯೇಕ ಅಧ್ಯಾಯಗಳಿರುತ್ತವೆ. ವಿಮಾನದ ಕಿಟಕಿಯಲ್ಲಿ ಸಣ್ಣ ರಂಧ್ರವೇಕಿದೆ ಎಂಬ ಪ್ರಶ್ನೆ ಒಂದು ಕಡೆ, ವಿಮಾನದಲ್ಲಿ ಕೊಡುವ ಊಟ ಸಪ್ಪೆ ಎನಿಸುವುದೇಕೆ ಎಂಬುದು ಇನ್ನೊಂದು ಕಡೆ, ನ್ಯೂಯಾರ್ಕಿನಿಂದ ಲಂಡನ್ನಿಗೆ ಹೋಗುವ ಪಯಣ ಮರಳುವ ಪಯಣಕ್ಕಿಂತ ಬೇಗ ಮುಗಿಯುವುದೇಕೆ ಎಂಬುದು ಮತ್ತೊಂದು ಕಡೆ. ಒಂದೊಂದು ಸಾಲಿನ ಉತ್ತರಗಳನ್ನು ಬಾಯಿಪಾಠ ಮಾಡಿದವರಿಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳಾಗಿಯೇ ಉಳಿಯುತ್ತವೆ. ಆದರೆ ಈ ಪ್ರಶ್ನೆಗಳೆಲ್ಲ ನಮ್ಮನ್ನು ಕರೆದೊಯ್ಯುವುದು ಒಂದೇ ಜಾಗಕ್ಕೆ, ವಾತಾವರಣದ ಮೇಲ್‌ಸ್ತರದ ತೆಳುವಾದ, ತಣ್ಣನೆಯ ಗಾಳಿಗೆ.

ಪ್ರಯಾಣಿಕರ ಜೆಟ್ ವಿಮಾನಗಳು ಸಾಮಾನ್ಯವಾಗಿ 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತವೆ. 11 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಒತ್ತಡದ ಕಾಲುಭಾಗಕ್ಕಿಂತಲೂ ಕಡಿಮೆಯಿದ್ದು, ಉಷ್ಣಾಂಶ ಸುಮಾರು ಮೈನಸ್ 56 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿರುತ್ತದೆ. ಗಾಳಿ ತೆಳುವಾದಷ್ಟೂ ವಿಮಾನಕ್ಕೆ ಎದುರಾಗುವ ತಡೆ ಕಡಿಮೆಯಾಗುವುದರಿಂದ ಇಂಧನ ಉಳಿಯುತ್ತದೆ. ಆದರೆ ಆ ಗಾಳಿಯನ್ನು ನೇರವಾಗಿ ಉಸಿರಾಡಬೇಕಾಗಿ ಬಂದ ಮನುಷ್ಯ ಒಂದು ನಿಮಿಷದೊಳಗೆ ಯೋಚನಾಶಕ್ತಿಯನ್ನೇ ಕಳೆದುಕೊಳ್ಳುತ್ತಾನೆ. ಹಾಗಾಗಿ ಕ್ಯಾಬಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಪೂರ್ತಿ ಸಮುದ್ರಮಟ್ಟದ ಒತ್ತಡವನ್ನೇ ಉಳಿಸಿಕೊಳ್ಳಲು ಹೋದರೆ ವಿಮಾನದ ಒಡಲು ಹೆಚ್ಚು ದಪ್ಪವೂ ಭಾರವೂ ಆಗಬೇಕಾಗುತ್ತದೆ. ಆದ್ದರಿಂದ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು ಒತ್ತಡಕ್ಕೆ ತೃಪ್ತಿಪಡುತ್ತಾರೆ. ನೆಲದ ಮೇಲೆ ಚಪ್ಪಟೆಯಾಗಿದ್ದ ತಿಂಡಿಯ ಪೊಟ್ಟಣ ಮೇಲೆ ಹೋದಾಗ ಉಬ್ಬಿ ಬಿಗಿಯಾಗುವುದು ಇದೇ ಕಾರಣಕ್ಕೆ.

ಈ ಒತ್ತಡದ ವ್ಯತ್ಯಾಸ ಎಷ್ಟು ನಿರ್ದಯವಾದುದು ಎಂಬುದನ್ನು ಜಗತ್ತು ಕಲಿತದ್ದು ಡಿ ಹ್ಯಾವಿಲೆಂಡ್ ಕಾಮೆಟ್ ವಿಮಾನದ ದುರಂತಗಳಿಂದ. 1952ರಲ್ಲಿ ಸೇವೆಗೆ ಬಂದ ಈ ಮೊದಲ ಪ್ರಯಾಣಿಕ ಜೆಟ್ಟಿನ ಎರಡು ವಿಮಾನಗಳು 1954ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಮೆಡಿಟರೇನಿಯನ್ ಸಮುದ್ರದ ಮೇಲೆ ಹಾರುತ್ತಿದ್ದಾಗ ಆಕಾಶದಲ್ಲೇ ಒಡೆದು ಚೂರಾದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇಡೀ ವಿಮಾನವೊಂದನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ಪರೀಕ್ಷಿಸಿದಾಗ, ಕಿಂಡಿಗಳ ಮೂಲೆಗಳಲ್ಲಿ ಲೋಹ ದಣಿದು ಬಿರುಕು ಬಿಡುವುದು ಸ್ಪಷ್ಟವಾಯಿತು. ಇಂದಿನ ವಿಮಾನಗಳ ಕಿಟಕಿಯ ಮೂಲೆಗಳು ದುಂಡಗಿರುವುದರ ಹಿಂದೆ ಆ ಪಾಠವಿದೆ. ಇನ್ನು ರಂಧ್ರದ ವಿಷಯ. ಕಿಟಕಿಯ ಹೊರಗಿನ ಫಲಕ ಒತ್ತಡವನ್ನು ಹೊರುತ್ತದೆ, ನಡುವಿನ ಫಲಕ ಆಪತ್ಕಾಲಕ್ಕೆಂದು ಇರುತ್ತದೆ. ನಡುವಿನ ಫಲಕದ ಕೆಳಭಾಗದಲ್ಲಿರುವ ಸೂಜಿಮೊನೆಯಷ್ಟು ರಂಧ್ರವು ಫಲಕಗಳ ನಡುವಿನ ಒತ್ತಡವನ್ನು ಕ್ಯಾಬಿನ್ನಿನ ಒತ್ತಡಕ್ಕೆ ಸರಿಹೊಂದಿಸುತ್ತದೆ, ಜೊತೆಗೆ ಕಿಟಕಿ ಮಂಜುಗಟ್ಟದಂತೆ ನೋಡಿಕೊಳ್ಳುತ್ತದೆ. ದೀರ್ಘ ಪಯಣದಲ್ಲಿ ಆ ರಂಧ್ರದ ಸುತ್ತ ಹಿಮದ ಎಳೆಗಳು ಪುಟ್ಟ ಹೂವಿನಂತೆ ಅರಳಿರುವುದನ್ನು ಗಮನವಿಟ್ಟು ನೋಡಿದವರು ಕಾಣಬಹುದು.

ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ರೋಚಕ ಭಾಗ ಊಟದ್ದು. ವಿಮಾನದ ಊಟ ರುಚಿಸದಿದ್ದರೆ ನಾವು ಅಡುಗೆಯವರನ್ನು ದೂರುತ್ತೇವೆ, ಆದರೆ ತಪ್ಪಿನ ದೊಡ್ಡ ಪಾಲು ನಮ್ಮ ಮೂಗು, ನಾಲಿಗೆ, ಕಿವಿಗಳದ್ದು. ಕ್ಯಾಬಿನ್ನಿನ ಗಾಳಿಯ ಆರ್ದ್ರತೆ ಸಾಮಾನ್ಯವಾಗಿ ಶೇ 20ಕ್ಕಿಂತ ಕಡಿಮೆಯಿರುವುದರಿಂದ ಮೂಗಿನ ಒಳಪದರ ಒಣಗುತ್ತದೆ. ರುಚಿ ಎಂದು ನಾವು ಭಾವಿಸುವುದರಲ್ಲಿ ಬಹುಪಾಲು ವಾಸನೆಯೇ ಆಗಿರುವುದರಿಂದ, ಮೂಗು ಮಂಕಾದರೆ ಊಟವೂ ಮಂಕಾಗುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಲುಫ್ತಾನ್ಸಾ ಕಂಪನಿಗಾಗಿ, ಕಡಿಮೆ ಒತ್ತಡದ ಕೊಠಡಿಯಲ್ಲಿ ವಿಮಾನದ ಒಡಲನ್ನಿರಿಸಿ ಪ್ರಯೋಗ ನಡೆಸಿದಾಗ, ಉಪ್ಪು ಮತ್ತು ಸಿಹಿಯನ್ನು ಗ್ರಹಿಸುವ ಶಕ್ತಿ ಗಣನೀಯವಾಗಿ ಕುಗ್ಗುವುದು ಕಂಡುಬಂತು. ಆದರೆ ನೆಲದ ಮೇಲೆ ಮಣ್ಣುಮಣ್ಣಾಗಿ ತೋರುತ್ತಿದ್ದ ಟೊಮೆಟೊ ರಸ ಆ ಕೊಠಡಿಯಲ್ಲಿ ಹಣ್ಣಿನ ಸೊಗಡಿನಿಂದ ಹಿತವಾಗಿದೆ ಎಂದು ಸವಿದವರು ಹೇಳಿದರು. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಮತ್ತೊಂದು ಎಳೆ ಸೇರಿಸಿದರು. ವಿಮಾನದೊಳಗಿನಂತಹ ಜೋರು ಸದ್ದನ್ನು ಕೇಳಿಸುತ್ತಾ ರುಚಿ ನೋಡಲು ಕೊಟ್ಟಾಗ, ಸಿಹಿ ಮಂದವಾಗಿಯೂ ಉಮಾಮಿ ಎಂಬ ಐದನೆಯ ಮೂಲ ರುಚಿ ಗಾಢವಾಗಿಯೂ ಜನರಿಗೆ ತೋರಿತು. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಗುರುತಿಸಿದ ಈ ರುಚಿಗೆ ಕಾರಣವಾದ ಗ್ಲುಟಮೇಟ್ ಟೊಮೆಟೊದಲ್ಲಿ ಧಾರಾಳವಾಗಿದೆ. ನಾಲಿಗೆಯ ಮುಂಭಾಗದ ರುಚಿಯನ್ನು ಮೆದುಳಿಗೆ ಒಯ್ಯುವ ನರವೊಂದು ನಡುಕಿವಿಯ ಮೂಲಕವೇ ಹಾದುಹೋಗುತ್ತದೆ ಎಂಬುದನ್ನು ತಿಳಿದರೆ, ಸದ್ದಿಗೂ ರುಚಿಗೂ ನಂಟಿರುವುದು ಅಷ್ಟೇನೂ ವಿಚಿತ್ರವೆನಿಸದು. ಚಹಾದ ಸಮಸ್ಯೆ ಇನ್ನೂ ಸರಳ: ಕ್ಯಾಬಿನ್ನಿನ ಒತ್ತಡದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುವುದರಿಂದ ಸೊಪ್ಪಿನ ಸತ್ವ ಪೂರ್ತಿ ಇಳಿಯುವುದಿಲ್ಲ.

ಗಾಳಿ ತೆಳುವಾಗಲು ಎತ್ತರವೇ ಬೇಕೆಂದಿಲ್ಲ, ಬಿಸಿಲೂ ಸಾಕು; ಹಾಗೆ ತೆಳುವಾದ ಗಾಳಿಯಲ್ಲಿ ರೆಕ್ಕೆಗಳಿಗೆ ವಿಮಾನವನ್ನು ಮೇಲೆತ್ತುವುದು ಕಷ್ಟ. 2017ರ ಜೂನ್‌ನಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ತಾಪಮಾನ ಸುಮಾರು 48 ಡಿಗ್ರಿ ಮುಟ್ಟಿದಾಗ, ಅಷ್ಟು ಸೆಖೆಯಲ್ಲಿ ಮೇಲೇರಲು ಅನುಮತಿಯಿಲ್ಲದ ಸಣ್ಣ ಜೆಟ್‌ಗಳ ಹತ್ತಾರು ಹಾರಾಟಗಳು ರದ್ದಾದವು.

ಮೇಲಿನ ಗಾಳಿ ತೆಳುವಾಗಿದ್ದರೂ ನಿಶ್ಚಲವಲ್ಲ. ಅಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಕಿರಿದಾದ, ಅತಿವೇಗದ ಜೆಟ್ ಪ್ರವಾಹಗಳು ಹರಿಯುತ್ತವೆ. 1920ರ ದಶಕದಲ್ಲಿ ಜಪಾನಿನ ವಾಸಾಬುರೊ ಓಇಶಿ ಬಲೂನುಗಳನ್ನು ಹಾರಿಬಿಟ್ಟು ಇವನ್ನು ಅಳೆದು, ಹೊರಜಗತ್ತಿಗೆ ತಿಳಿಯಲೆಂದು ತಮ್ಮ ವರದಿಯನ್ನು, ಎಲ್ಲ ದೇಶದವರಿಗೂ ಸಾಮಾನ್ಯ ಭಾಷೆಯಾಗಲೆಂದು ರೂಪಿಸಿದ ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಆ ಭಾಷೆಯನ್ನು ಓದುವವರು ತೀರಾ ಕಡಿಮೆಯಿದ್ದುದರಿಂದ ಅಂತಹ ಮಹತ್ವದ ಶೋಧ ಬಹುಕಾಲ ಮೂಲೆಗುಂಪಾಗಿದ್ದುದು ಖೇದಕರ. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದು ಬಿರುಗಾಳಿಯ ಸಮಯದ ಪ್ರಬಲ ಜೆಟ್ ಪ್ರವಾಹವನ್ನೇರಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಯೊಳಗೆ ತಲುಪಿತು.

ಇದೇ ಪ್ರವಾಹದ ಅಂಚುಗಳಲ್ಲಿ, ಅಕ್ಕಪಕ್ಕದ ಗಾಳಿಯ ವೇಗ ಥಟ್ಟನೆ ಬದಲಾಗುವ ಕಡೆ, ಮೋಡವಿಲ್ಲದ ಆಕಾಶದಲ್ಲೂ ವಿಮಾನವನ್ನು ಕುಲುಕಿಸುವ ಪ್ರಕ್ಷುಬ್ಧತೆ (ಟರ್ಬುಲೆನ್ಸ್) ಹುಟ್ಟುತ್ತದೆ. ವಿಮಾನದ ರೇಡಾರ್ ಕಾಣುವುದು ಮುಖ್ಯವಾಗಿ ನೀರಹನಿಗಳನ್ನು. ಹನಿಯಿಲ್ಲದ ಸುಳಿ ಅದರ ಕಣ್ಣಿಗೆ ಬೀಳದು. ಉತ್ತರ ಅಟ್ಲಾಂಟಿಕ್‌ನ ಮೇಲೆ ಇಂತಹ ತೀವ್ರ ಪ್ರಕ್ಷುಬ್ಧತೆಯ ಅವಧಿ 1979ರಿಂದ 2020ರ ನಡುವೆ ಶೇ 55ರಷ್ಟು ಹೆಚ್ಚಿದೆ ಎಂದು ಬ್ರಿಟನ್ನಿನ ರೀಡಿಂಗ್ ವಿಶ್ವವಿದ್ಯಾಲಯದ ಅಧ್ಯಯನ 2023ರಲ್ಲಿ ತಿಳಿಸಿತು. ಪ್ರಕ್ಷುಬ್ಧತೆ ಗುಡುಗುಮೋಡಗಳು ಬೆಳೆಯುವಲ್ಲಿಯೂ ಹುಟ್ಟುತ್ತದೆ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಾಪುರಕ್ಕೆ ಹೊರಟಿದ್ದ ಸಿಂಗಾಪುರ್ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರಿನ ಮೇಲೆ, ಅಂತಹ ಮೋಡಗಳು ರೂಪುಗೊಳ್ಳುತ್ತಿದ್ದ ಪ್ರದೇಶದಲ್ಲಿ ಹಾರುತ್ತಿತ್ತು ಎಂಬುದು ತನಿಖೆಯ ಪ್ರಾಥಮಿಕ ಅಂದಾಜು. ಕುಲುಕಾಟಕ್ಕೆ ಸಿಕ್ಕಿದ್ದು ಬೆಳಗಿನ ತಿಂಡಿ ಕೊಡುತ್ತಿದ್ದ ವೇಳೆಯಲ್ಲೇ. ಒಬ್ಬ ಪ್ರಯಾಣಿಕರು ಮೃತಪಟ್ಟರು, ಹಲವಾರು ಮಂದಿ ಗಾಯಗೊಂಡರು. ಅದಾದ ಮೇಲೆ ಸೀಟ್ ಬೆಲ್ಟ್ ದೀಪ ಉರಿಯುತ್ತಿರುವಾಗ ಬಿಸಿ ಪಾನೀಯವನ್ನಷ್ಟೇ ಅಲ್ಲ, ಊಟವನ್ನೂ ಕೊಡದಿರಲು ಆ ಸಂಸ್ಥೆ ನಿರ್ಧರಿಸಿತು. ಅದೇ ವರ್ಷದ ಆಗಸ್ಟ್ 15ರಿಂದ ಕೊರಿಯನ್ ಏರ್ ತನ್ನ ದೀರ್ಘ ಹಾರಾಟಗಳ ಇಕಾನಮಿ ವಿಭಾಗದಲ್ಲಿ, ಕುದಿನೀರು ಚೆಲ್ಲಿ ಸುಡುವ ಅಪಾಯವಿದೆಯೆಂಬ ಕಾರಣಕ್ಕೆ, ಕಪ್ ನೂಡಲ್ಸ್ ಕೊಡುವುದನ್ನೇ ನಿಲ್ಲಿಸಿತು.