ಎರಡು ಇಂಚು ಹಿಮಕ್ಕೇ ಬ್ರಿಟನ್ ಯಾಕೆ ನಿಂತುಹೋಗುತ್ತದೆ?

ಪ್ರಶ್ನೆ: ಮಗಳು ಲೀಡ್ಸ್‌ನಲ್ಲಿ ಓದುತ್ತಿದ್ದಾಳೆ. ಎರಡು ಇಂಚು ಹಿಮ ಬಿದ್ದರೆ ಸಾಕು, ಬಸ್ಸಿಲ್ಲ, ಕ್ಲಾಸಿಲ್ಲ ಅಂತಾಳೆ. ಕೆನಡಾದಲ್ಲಿ ಅಡಿಗಟ್ಟಲೆ ಬಿದ್ದರೂ ಎಲ್ಲ ನಡೆಯುತ್ತೆ. ಅಷ್ಟು ದುಡ್ಡಿರುವ ದೇಶ, ಹಿಂದಿನ ದಿನವೇ ಉಪ್ಪು ಹಾಕಿ ಹಿಮ ಕರಗಿಸಿಬಿಡಬಾರದೇ?

ಉತ್ತರ: ಹಾಕುತ್ತಾರೆ. ಹಿಂದಿನ ದಿನವೇ ಹಾಕುತ್ತಾರೆ. ಪ್ರತಿ ಡಿಸೆಂಬರ್‌ಗೂ ಈ ಪ್ರಶ್ನೆ ಬರುತ್ತದೆ, ತಪ್ಪು ಪ್ರತಿ ಸಲವೂ ಕೊನೆಯ ವಾಕ್ಯದಲ್ಲೇ ಕೂತಿರುತ್ತದೆ: ಉಪ್ಪು ಇರುವುದು ಹಿಮ ಕರಗಿಸಲಿಕ್ಕೆ ಅನ್ನುವ ನಂಬಿಕೆ. ಬಾಯಲ್ಲಿ ಹೇಳಿ ಸಾಕಾಗಿದೆ, ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಅಲ್ಲಿ ಈ ಕೆಲಸ ಮಾಡುವ ಲಾರಿಗೆ ಗ್ರಿಟರ್ ಅಂತ ಹೆಸರು. ಗ್ರಿಟ್ ಅಂದರೆ ಹರಳು, ಆದರೆ ಉದುರಿಸುವುದು ವಿನ್ಸ್‌ಫರ್ಡ್‌ನಂಥ ಗಣಿಗಳಿಂದ ತೆಗೆದ ಕಂದು ಬಣ್ಣದ ಕಲ್ಲುಪ್ಪು. (ಸ್ಕಾಟ್ಲೆಂಡಿನಲ್ಲಿ ಈ ಲಾರಿಗಳಿಗೆ ‘ಗ್ರಿಟ್ನಿ ಸ್ಪಿಯರ್ಸ್’ ಎಂಬಂಥ ನಾಮಕರಣವೂ ಆಗುತ್ತದೆ, ಇರಲಿ.) ಬರೀ ಚಳಿಯ ರಾತ್ರಿಯಾದರೆ ಚದರ ಮೀಟರಿಗೆ ಸುಮಾರು 10 ಗ್ರಾಂ, ಹಿಮ ಬರುವುದಿದ್ದರೆ 20ರಿಂದ 40 ಗ್ರಾಂ. ಹತ್ತು ಗ್ರಾಂ ಅಂದರೆ ಎರಡು ಟೀ ಚಮಚವೂ ತುಂಬುವುದಿಲ್ಲ.

ಈಗ ನೋಡಿ. ರಸ್ತೆಯ ಮೇಲೆ 0.1 ಮಿಲಿಮೀಟರ್ ದಪ್ಪ ನೀರಿದ್ದರೆ ಚದರ ಮೀಟರಿಗೆ 100 ಗ್ರಾಂ. ಮೈನಸ್ 2 ಡಿಗ್ರಿಯಲ್ಲಿ ಅದು ಹೆಪ್ಪುಗಟ್ಟದಂತೆ ತಡೆಯಲು ಮೂರೂವರೆ ಗ್ರಾಂ ಉಪ್ಪು ಸಾಕು, 10 ಗ್ರಾಂ ಧಾರಾಳವಾಯಿತು. ಆದರೆ ಎರಡು ಇಂಚು ಹೊಸ ಹಿಮ ಚದರ ಮೀಟರಿಗೆ ಸುಮಾರು 5 ಕಿಲೋ ತೂಗುತ್ತದೆ. ಅದನ್ನು ಮೈನಸ್ 2ರಲ್ಲಿ ಪೂರ್ತಿ ಕರಗಿಸಲು 175 ಗ್ರಾಂ ಬೇಕು, ಮೈನಸ್ 5ರಲ್ಲಿ 430 ಗ್ರಾಂ. ಎರಡು ಲೇನಿನ, ಅಂದರೆ 7.3 ಮೀಟರ್ ಅಗಲದ ರಸ್ತೆಗೆ, ಒಂದೇ ಕಿಲೋಮೀಟರಿಗೆ, ಮೂರು ಟನ್ ಆಯಿತು! ಚದರ ಮೀಟರಿಗೆ 20 ಗ್ರಾಂ ಲೆಕ್ಕದಲ್ಲಿ ಅದೇ ಕಿಲೋಮೀಟರಿಗೆ ಬೀಳುವುದು 146 ಕಿಲೋ. ಮೈನಸ್ 8, 10ಕ್ಕೆ ಇಳಿದರಂತೂ ರಸ್ತೆಯ ಮೇಲೆ ಉಪ್ಪಿನ ಆಟ ನಡೆಯುವುದೇ ಕಷ್ಟ. ಕೆನಡಾದ ಕಡು ಚಳಿಯ ಊರುಗಳು ಮರಳು ಎರಚುವುದು ಇದಕ್ಕೇ.

ಹಾಗಾದರೆ ಉಪ್ಪು ಯಾಕೆ? ಕಾವಲಿಗೆ ಎಣ್ಣೆ ಸವರುವುದು ಯಾಕೋ ಅದಕ್ಕೆ. ಎಣ್ಣೆ ದೋಸೆ ಬೇಯಿಸುವುದಿಲ್ಲ, ಅಂಟದ ಹಾಗೆ ನೋಡಿಕೊಳ್ಳುತ್ತದೆ. ಎಬ್ಬಿಸಲು ಸಟ್ಟುಗ ಬೇಕೇ ಬೇಕು. ಅದು ಲಾರಿಯ ಮುಂದಿನ ಬ್ಲೇಡ್. ಜೊತೆಗೆ ವಾಹನಗಳೂ ಓಡಾಡಬೇಕು: ಟೈರು ಹರಳನ್ನು ಅರೆದು ಹಿಮಕ್ಕೆ ಬೆರೆಸದಿದ್ದರೆ ಉಪ್ಪು ಬಿದ್ದಲ್ಲೇ ಬಿದ್ದಿರುತ್ತದೆ, ಸುತ್ತ ಪುಟ್ಟ ಪುಟ್ಟ ತೂತು ಕೊರೆದುಕೊಂಡು.

ಇಷ್ಟೆಲ್ಲ ಮಾಡಿದ ಮೇಲೂ ಕೆಡುವುದು ಹೇಗೆಂದರೆ, ಬ್ರಿಟನ್ನಿನ ಹಿಮ ಎಷ್ಟೋ ಸಲ ಮಳೆಯಾಗಿ ಶುರುವಾಗುತ್ತದೆ. ಮಧ್ಯಾಹ್ನದ ಮಳೆ ಉಪ್ಪನ್ನು ಚರಂಡಿಗೆ ತೊಳೆಯುತ್ತದೆ, ನಾಲ್ಕು ಗಂಟೆಗೆ ಅದೇ ಮಳೆ ಹಿಮವಾಗುತ್ತದೆ, ಆಫೀಸು ಬಿಟ್ಟವರ ಕಾರುಗಳ ನಡುವೆ ಗ್ರಿಟರ್ ಸಿಕ್ಕಿಬೀಳುತ್ತದೆ. ಸೊನ್ನೆಯ ಆಸುಪಾಸಿನ ಒದ್ದೆ ಐಸು ಮೈನಸ್ 15ರ ಒಣ ಐಸಿಗಿಂತ ಹೆಚ್ಚು ಜಾರುತ್ತದೆ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಚಳಿಗಾಲದ ಟೈರು ಕಡ್ಡಾಯ, ಬ್ರಿಟನ್ನಿನಲ್ಲಿ ಅಂಥ ಕಾನೂನಿಲ್ಲ.

ತಯಾರಿಯ ಮಾತಿಗೆ ಬಂದರೆ, ಕಲಿತದ್ದೆಲ್ಲ ಪೆಟ್ಟು ತಿಂದೇ. ರಸ್ತೆಯ ಐಸು ತೆಗೆಯುವುದು ಸ್ಥಳೀಯ ಕೌನ್ಸಿಲ್‌ನ ಕಾನೂನುಬದ್ಧ ಹೊಣೆಯಲ್ಲ ಎಂದು 2000ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. 2003ರ ಜನವರಿಯಲ್ಲಿ ಎಂ11 ಹೆದ್ದಾರಿಯಲ್ಲಿ ಜನ ರಾತ್ರಿಯಿಡೀ ಕಾರಿನಲ್ಲೇ ಕಳೆದರು. ಅದೇ ವರ್ಷ ಇಂಗ್ಲೆಂಡ್, ವೇಲ್ಸ್‌ಗಳಿಗೆ ಕಾನೂನು ತಿದ್ದಿ, ಸಾಧ್ಯವಾದಷ್ಟು ಮಟ್ಟಿಗೆ ಅದನ್ನು ಹೊಣೆಯಾಗಿಸಿದರು. 2009ರ ಫೆಬ್ರವರಿ 2ರಂದು ಲಂಡನ್ನಿನ ಬಸ್ಸುಗಳೆಲ್ಲ ನಿಂತವು, ಆ ಚಳಿಗಾಲದಲ್ಲೂ ಮುಂದಿನದರಲ್ಲೂ ಉಪ್ಪಿಗೇ ಬರ ಬಂತು. ಚಳಿಗಾಲದ ಸಾರಿಗೆ ಕುರಿತ 2010ರ ಕ್ವಾರ್ಂಬಿ ವರದಿ ಬಂದ ಮೇಲೆ, 12 ದಿನ ಎಡೆಬಿಡದೆ, ಅಂದರೆ 48 ಸುತ್ತು ಹಾಕುವಷ್ಟು ಉಪ್ಪು ಚಳಿಗಾಲಕ್ಕೆ ಮೊದಲೇ ದಾಸ್ತಾನಿರಬೇಕು ಎಂಬ ಅಳತೆಗೋಲು ಬಂತು. ಮುಖ್ಯ ರಸ್ತೆಗಳ ಮಟ್ಟಿಗೆ ತಯಾರಿ ಚೆನ್ನಾಗಿಯೇ ಇದೆ. ಮನೆಗಳಿರುವ ಅಡ್ಡರಸ್ತೆಗಳನ್ನು ಬೇಕೆಂದೇ ಬಿಡುತ್ತಾರೆ. ನಿಮ್ಮ ಮಗಳ ಬಸ್ಸು ನಿಲ್ಲುವುದು ಹೆಚ್ಚಾಗಿ ಅಂಥ ಏರಿನಲ್ಲೇ. ವರ್ಷಕ್ಕೆ ನಾಲ್ಕಾರು ದಿನಕ್ಕಾಗಿ ಬೀದಿ ಬೀದಿಗೂ ಲಾರಿ ಸಾಕುವುದು ದಂಡ ಅನ್ನುವವರ ಪಕ್ಷ ನನ್ನದೂ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಮನೆ ಮುಂದಿನ ಹಿಮ ತೆಗೆದರೆ, ಅಲ್ಲಿ ಯಾರಾದರೂ ಜಾರಿ ಬಿದ್ದಾಗ ನಮ್ಮ ಮೇಲೇ ಕೇಸು ಎಂದು ಅಲ್ಲಿನ ವಿದ್ಯಾರ್ಥಿಗಳು ಸುಮ್ಮನಿರುತ್ತಾರೆ. ಎಚ್ಚರಿಕೆಯಿಂದ ತೆಗೆದವರ ಮೇಲೆ ಕೇಸು ಬೀಳುವ ಸಂಭವ ತೀರ ಕಡಿಮೆ ಎಂದು ಸರ್ಕಾರದ ಸೂಚನೆಯಲ್ಲೇ ಇದೆ. ಮಗಳಿಗೆ ಹೇಳಿ: ಜನ ತುಳಿದು ಗಟ್ಟಿಯಾಗುವ ಮೊದಲೇ, ಬೆಳಿಗ್ಗೆಯೇ ತೆಗೆಯಲಿ. ಮೊದಲು ನಡುವೆ ಒಂದು ಸಾಲು, ಆಮೇಲೆ ಅಕ್ಕಪಕ್ಕ. ರಾಶಿ ಚರಂಡಿಗೆ ಅಡ್ಡವಾಗಬಾರದು. ಬಿಸಿನೀರು ಮಾತ್ರ ಸುರಿಯಬಾರದು, ರಾತ್ರಿಗೆ ಅದು ಕಣ್ಣಿಗೆ ಕಾಣದ ಐಸಾಗುತ್ತದೆ. ಕೆರೆದ ಮೇಲೆ ಚದರ ಮೀಟರಿಗೆ ಒಂದು ದೊಡ್ಡ ಚಮಚ ಉಪ್ಪು, ಅಡುಗೆಮನೆಯದೇ ಆಗುತ್ತದೆ. ಬೀದಿಬದಿಯ ಹಳದಿ ಡಬ್ಬದ ಉಪ್ಪು ರಸ್ತೆಗೆಂದು ಇಟ್ಟದ್ದು, ಅದಕ್ಕೆ ಕೈ ಹಾಕುವುದು ಬೇಡ. ಹುಲ್ಲು, ಗಿಡದ ಬುಡಕ್ಕೆ ಉಪ್ಪು ಬಿದ್ದರೆ ಮನೆ ಮಾಲೀಕರ ಹತ್ತಿರ ಬೇರೆ ಮಾತು ಕೇಳಬೇಕಾದೀತು.